ಬ್ಯಾಟರಿ ಸತ್ತಿತೆಂದು ತೀರ್ಪು ಕೊಡುವ ಮುನ್ನ



ನಮ್ಮ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಭಾಗದಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಇಂದು ಪಿಕಪ್ ನಿಂತಿದೆ. ಎಲ್ಲರ ಮನೆಯಲ್ಲೂ ಇದೆಯೆಂದಲ್ಲ. ಕೇರಿಗೊಂದು, ನಾಲ್ಕು ಮನೆಗೊಂದು ಎಂಬಂತೆ ಇದೆ. ಮಳೆಗಾಲಕ್ಕೆ ಮೊದಲು ಮೈಲುತುತ್ತ, ಸುಣ್ಣ, ಗೊಬ್ಬರ ತರುವುದು ಅದೇ. ಕೊನೆಕೊಯ್ಲಿನ ನಂತರ ಚಾಲಿ ಮೂಟೆಯನ್ನು ಯಲ್ಲಾಪುರಕ್ಕೋ ಶಿರಸಿಗೋ ಒಯ್ಯುವುದು ಅದೇ. ಅಡಿಕೆಯ ನಡುವೆ ಕಾಫಿ ಹಾಕಿದವರ ಹಣ್ಣು ಸಾಗುವುದೂ ಅದರಲ್ಲೇ. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವುಂಟು. ನಡುರಾತ್ರಿ ಹೆರಿಗೆ ನೋವು ಬಂದರೆ, ತೋಟದಲ್ಲಿ ಹಾವು ಕಚ್ಚಿದರೆ, ಮರದಿಂದ ಬಿದ್ದರೆ, ದಾಂಡೇಲಿಗೋ ಧಾರವಾಡಕ್ಕೋ ಓಡುವ ಗಾಡಿ ಕೂಡ ಅದೇ. ಫೋನು ಹತ್ತದ ಕಾಡಿನ ನಡುವಿನ ಹಳ್ಳಿಗಳಲ್ಲಿ ಅಂಬುಲೆನ್ಸು ಬರಲಿ ಎಂದು ಕಾಯುವುದಕ್ಕಿಂತ ಪಕ್ಕದ ಮನೆಯ ಪಿಕಪ್ಪಿನ ಬಾಗಿಲು ತಟ್ಟುವುದೇ ನಮ್ಮ ರೂಢಿ.

ಆ ಗಾಡಿ ಹೊರಡುವುದೂ ಹೊರಡದಿರುವುದೂ ಹದಿನೈದಿಪ್ಪತ್ತು ಕಿಲೋ ತೂಕದ ಒಂದು ಪೆಟ್ಟಿಗೆಯನ್ನು ಅವಲಂಬಿಸಿದೆ. ಹೀಗಿದ್ದೂ ಅಡಿಕೆ ಗಿಡ ಕೊಳ್ಳುವಾಗ ತಾಯಿಮರ ಯಾವುದೆಂದು ಕೇಳುವ ನಾವು, ಬ್ಯಾಟರಿ ಕೊಳ್ಳುವಾಗ ಕೇಳುವುದು ಎರಡೇ ಪ್ರಶ್ನೆ: ‘ಎಷ್ಟು ರೂಪಾಯಿ?’ ಮತ್ತು ‘ಎಷ್ಟು ವರ್ಷ ಗ್ಯಾರಂಟಿ?’ ಈ ಎರಡು ಪ್ರಶ್ನೆ ಸಾಲುವುದಿಲ್ಲವೆಂಬುದೂ, ಇದರಲ್ಲಿ ನಮ್ಮ ಸೊಸೈಟಿಗೆ ಒಂದು ಕೆಲಸವಿದೆಯೆಂಬುದೂ ನಮ್ಮ ಅಭಿಪ್ರಾಯ. ಈ ಅಭಿಪ್ರಾಯ ಪುಸ್ತಕ ಓದಿ ಬಂದದ್ದಲ್ಲ, ಕೈಯಿಂದ ದುಡ್ಡು ಕಳೆದುಕೊಂಡ ಮೇಲೆ ಬಂದದ್ದು. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುವುದು ನ್ಯಾಯ.

ಒಂದು ಮಾರ್ಗಶಿರದ ಬೆಳಗಿನ ಜಾವ ಟೆಂಡರಿಗೆಂದು ಚಾಲಿ ಹೇರಿ ಹೊರಟೆವು. ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಸೆಲ್ಫ್ ತಿರುಗಲಿಲ್ಲ. ನಾಲ್ಕು ಜನ ಸೇರಿ ಇಳಿಜಾರಿಗೆ ದಬ್ಬಿ ನೋಡಿದೆವು, ಗಾಡಿ ಜಗ್ಗಲಿಲ್ಲ. ಅಂದಿನ ಟೆಂಡರು ತಪ್ಪಿತು. ‘ಬ್ಯಾಟರಿ ಹೋಗಿದೆ’ ಎಂದು ನಾವೇ ತೀರ್ಪು ಕೊಟ್ಟೆವು, ನೆರೆದವರೆಲ್ಲ ಹೌದೆಂದರು. ಮಧ್ಯಾಹ್ನ ಪೇಟೆಯಿಂದ ಬಂದ ಹುಡುಗ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಹಳೆಯದನ್ನು ಹೊತ್ತುಕೊಂಡು ಹೋದ. ಗಾಡಿ ಚಾಲೂ ಆಯಿತು. ನಮಗೂ ಸಮಾಧಾನವಾಯಿತು. ಬಿಲ್ಲು ‘ನಾಳೆ ಕೊಡುತ್ತೇನೆ’ ಎಂದದ್ದು ನಾಳೆಯೇ ಆಗಿ ಉಳಿಯಿತು.

ಫಾಲ್ಗುಣದಲ್ಲಿ ಮತ್ತೆ ಅದೇ ‘ಟಕ್’. ಈ ಸಲ ಬೇರೊಬ್ಬರ ಗಾಡಿಗೆ ವಯರು ಜೋಡಿಸಿ ಹೇಗೋ ಎಬ್ಬಿಸಿಕೊಂಡು ಹಳಿಯಾಳದ ಕಡೆಯ ಒಬ್ಬ ಮೇಸ್ತ್ರಿಯ ಬಳಿಗೆ ಹೋದೆವು. ಮತ್ತೊಂದು ಬ್ಯಾಟರಿ ಹಾಕಿಸಬೇಕೆಂದೆವು. ಆತ ನಕ್ಕು, ‘ಯಜಮಾನ್ರ, ಹಾಕ್ಸೋದು ಆಮ್ಯಾಲ ನೋಡೂಣು. ಮೊದಲ ಅದು ಸತ್ತದೋ ಇಲ್ಲೋ ನೋಡೂಣು’ ಎಂದು ಮೀಟರು ತೆಗೆದ. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇತ್ತು. ಆಮೇಲೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು, ನಮ್ಮಿಂದ ಸೆಲ್ಫ್ ಹೊಡೆಸಿದ. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು; ತೋರಿಸಿದ್ದು ಎರಡಕ್ಕೂ ಮೇಲೆ. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಕೆಸರಿನಡಿ ಹಸಿರು ತುಕ್ಕು ಹಿಡಿದು ಕೂತಿತ್ತು. ಅದನ್ನು ಬಿಚ್ಚಿ, ಕೆರೆದು, ಮತ್ತೆ ಬಿಗಿದ. ಕೂಲಿಯೆಂದು ತೆಗೆದುಕೊಂಡದ್ದು ಒಂದು ಬ್ಯಾಟರಿಯ ಬೆಲೆಯ ಮುಂದೆ ಚಿಲ್ಲರೆ ಕಾಸು. ಅಂದರೆ, ಮಾರ್ಗಶಿರದಲ್ಲಿ ನಾವು ಕಿತ್ತು ಕಳಿಸಿದ ಹಳೆಯ ಬ್ಯಾಟರಿಯೂ ಬಹುಶಃ ಬದುಕಿಯೇ ಇತ್ತು. ಹೊಸದರ ಹೊಸ ಕಸುವಿಗೆ ಕೆಲಕಾಲ ಗಾಡಿ ಓಡಿತು, ಆದರೆ ರೋಗ ಇದ್ದಲ್ಲೇ ಇತ್ತು.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಹೊಸ ಬ್ಯಾಟರಿ ಆರಿಸುವುದರಲ್ಲಿ ಮೊದಲ ಹೆಜ್ಜೆ ಅಂಗಡಿಗೆ ಹೋಗುವುದಲ್ಲ, ಹಳೆಯದನ್ನು ಪರೀಕ್ಷಿಸುವುದು. ಕೊಳೆರೋಗವೋ ಹಿಡಿಮುಂಡಿಗೆಯೋ ತಿಳಿಯದೆ ಔಷಧ ಹೊಡೆಯುವುದುಂಟೇ?

ಪರೀಕ್ಷೆ ಕಷ್ಟದ್ದಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಮೀಟರು ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಕೀಲಿ ಹಾಕುವ ಮೊದಲು ನೋಡಿದಾಗ 12.6 ವೋಲ್ಟ್ ಇದ್ದರೆ ತುಂಬಿದೆ; 12.4 ಇದ್ದರೆ ಮುಕ್ಕಾಲು, 12.2 ಅರ್ಧ, 12ಕ್ಕೆ ಇಳಿದಿದ್ದರೆ ಕಾಲು ಪಾಲಷ್ಟೇ ಉಳಿದಿದೆ. ಹನ್ನೆರಡು ವೋಲ್ಟ್ ಬ್ಯಾಟರಿಯೆಂದ ಮೇಲೆ ಹನ್ನೆರಡು ತೋರಿಸಿದರೆ ಸರಿಯಾಯಿತಲ್ಲ ಎಂದು ತಿಳಿಯುವವರು ನಮ್ಮಲ್ಲಿ ಬಹಳ. ಅದು ತಪ್ಪು. ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ತುಂಬಿದ ಬ್ಯಾಟರಿಯೇ ಹಾಗೆ ಕುಸಿದರೆ ಅದರ ಆಯುಷ್ಯ ಮುಗಿದಿದೆಯೆನ್ನಬಹುದು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ (ಈಗಿನವರು ಆಲ್ಟರ್ನೇಟರ್ ಎನ್ನುವುದನ್ನು ನಮ್ಮ ಕಡೆ ಇನ್ನೂ ಡೈನಮೋ ಎಂದೇ ಕರೆಯುತ್ತಾರೆ) ಸರಿಯಾಗಿದೆ. ಅದಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿ ಹಸಿದು ಸಾಯುತ್ತದೆ. 15ರ ಹತ್ತಿರ ಏರಿದರೆ ನೀರು ಕುದಿದು ಆರುತ್ತದೆ. ಇವೆರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿಯೂ ಹಳೆಯದರ ದಾರಿಯನ್ನೇ ಹಿಡಿಯುವುದು.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಒಳ್ಳೆಯ ಸಾಕ್ಷಿ. ಆರು ಕೋಣೆಗಳಲ್ಲಿ ಐದು ಒಂದೇ ಸಮನಾಗಿದ್ದು ಒಂದು ಮಾತ್ರ ತೀರ ಕೆಳಗಿದ್ದರೆ, ಆ ಒಂದು ಕೋಣೆ ಸತ್ತಿದೆ. ಅದಕ್ಕೆ ಎಷ್ಟು ಚಾರ್ಜು ಮಾಡಿಸಿದರೂ ಹಣ ದಂಡ. ಆರೂ ಸಮನಾಗಿ ಕೆಳಗಿದ್ದರೆ ಬ್ಯಾಟರಿ ಸತ್ತಿಲ್ಲ, ಹಸಿದಿದೆ. ನಿಧಾನವಾಗಿ ಚಾರ್ಜು ಮಾಡಿಸಿ ನೋಡಬೇಕು.

ಇಲ್ಲಿ ನಮ್ಮಲ್ಲಿ ಇನ್ನೂ ಬಳಕೆಯಲ್ಲಿರುವ ಒಂದು ಕೆಟ್ಟ ಪರೀಕ್ಷೆಯ ವಿಷಯ ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವಯರನ್ನು ಕಳಚಿ, ಗಾಡಿ ನಿಲ್ಲದಿದ್ದರೆ ಡೈನಮೋ ಸರಿಯಿದೆಯೆನ್ನುವುದು. ಹಳೆಯ ಜೀಪುಗಳ ಕಾಲದಲ್ಲಿ ಇದು ನಡೆದುಹೋಯಿತು. ಇಂದಿನ ಗಾಡಿಗಳಲ್ಲಿ, ಅದರಲ್ಲೂ 2020ರ ಏಪ್ರಿಲ್ ನಂತರ ಬಂದ ಬಿ.ಎಸ್. 6 ಗಾಡಿಗಳಲ್ಲಿ, ಡೀಸೆಲ್ ಎಷ್ಟು ಸಿಡಿಯಬೇಕೆಂದು ಹೇಳುವುದು ಒಂದು ಕಂಪ್ಯೂಟರ್ ಪೆಟ್ಟಿಗೆ. ಓಡುವಾಗ ವಯರು ಕಳಚಿದರೆ ಏಳುವ ವೋಲ್ಟೇಜಿನ ಹೊಡೆತಕ್ಕೆ ಆ ಪೆಟ್ಟಿಗೆ ಸುಟ್ಟರೆ ಬ್ಯಾಟರಿಯ ಎಷ್ಟೋ ಪಾಲು ಖರ್ಚು. ದಬ್ಬಿ ಸ್ಟಾರ್ಟ್ ಮಾಡುವ ಉಪಾಯವೂ ಇದೇ ಕಾರಣಕ್ಕೆ ಈಗ ನೆಚ್ಚುವಂಥದ್ದಲ್ಲ. ಪೆಟ್ಟಿಗೆಗೆ ಬೇಕಾದಷ್ಟು ವೋಲ್ಟ್ ಇಲ್ಲದಿದ್ದರೆ ಊರೆಲ್ಲ ಸೇರಿ ದಬ್ಬಿದರೂ ಎಂಜಿನ್ನಿಗೆ ಡೀಸೆಲ್ ಹೋಗದು. ಮುಂದೆ ಹ್ಯಾಂಡಲ್ ಹಾಕಿ ತಿರುವಿ ಜೀಪು ಎಬ್ಬಿಸುತ್ತಿದ್ದ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಹ್ಯಾಂಡಲ್ ತಿರುಗಿ ಬಡಿದು ಕೈ ಮುರಿದುಕೊಂಡವರೂ ಇದ್ದಾರೆ. ಆ ಕಾಲ ಒಳ್ಳೆಯದೆಂದು ನಾವೇನೂ ಹೇಳುವುದಿಲ್ಲ.

ಸರಿ, ಪರೀಕ್ಷೆ ಆಯಿತು, ಬ್ಯಾಟರಿ ನಿಜವಾಗಿಯೂ ಸತ್ತಿದೆ ಎನ್ನೋಣ. ನಮ್ಮದೂ ಹಾಗೇ ಆಯಿತು. ಅವಸರದಲ್ಲಿ ಕೊಂಡ ಆ ಬ್ಯಾಟರಿ ಅದೇ ಮಳೆಗಾಲ ದಾಟಲಿಲ್ಲ, ಭಾದ್ರಪದದಲ್ಲಿ ಮಲಗಿತು. ಬಿಲ್ಲಿಲ್ಲ, ಕಾರ್ಡು ತುಂಬಿಸಿಲ್ಲ, ಆದ್ದರಿಂದ ಗ್ಯಾರಂಟಿಯೂ ಇಲ್ಲ. ಆಗ ಮೈಮೇಲಿನ ಅಕ್ಷರ ಓದಿ ನೋಡಿದರೆ, ನಮ್ಮ ಗಾಡಿಗೆ ಬೇಕಾದುದಕ್ಕಿಂತ ಅದು ಚಿಕ್ಕದು. ಮೇಲಾಗಿ ನಮಗೆ ಕೊಡುವ ಮೊದಲೇ ಎಂಟು ತಿಂಗಳು ಅಂಗಡಿಯ ಹಲಗೆಯ ಮೇಲೆ ಕೂತಿದ್ದದ್ದು. ಆಮೇಲೆ ಕೊಳ್ಳುವಾಗ ನಾವು ಏನೇನು ನೋಡಿದೆವೆಂಬುದನ್ನು ಹೇಳುತ್ತೇವೆ.

ಬ್ಯಾಟರಿಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು ಆಂಪಿಯರ್ ಅವರ್, ಅಂದರೆ ಹಂಡೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ಇನ್ನೊಂದು ಕ್ರ್ಯಾಂಕಿಂಗ್ ಆಂಪಿಯರ್, ಅಂದರೆ ಹಂಡೆಯ ನಳ ಎಷ್ಟು ದಪ್ಪ, ಒಮ್ಮೆಗೇ ಎಷ್ಟು ನೀರು ಧುಮುಕೀತು ಎಂಬ ಲೆಕ್ಕ. ಡೀಸೆಲ್ ಎಂಜಿನ್ನನ್ನು ತಿರುವಲು ಪೆಟ್ರೋಲಿನದಕ್ಕಿಂತ ಹೆಚ್ಚು ಬಲ ಬೇಕು, ಆದ್ದರಿಂದ ನಳ ದಪ್ಪವಿರಬೇಕು. ಈ ಎರಡನೆಯ ಅಂಕಿಯನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಅಳೆಯುತ್ತಾರಂತೆ; ಜೋಯಿಡಾದ ಪುಷ್ಯಮಾಸದ ಚಳಿಯೇ ಹೆಚ್ಚೆನ್ನುವ ನಮಗೆ ಅದು ಊಹೆಗೂ ನಿಲುಕದು. ಆದರೂ ಎರಡು ಬ್ಯಾಟರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಅದು ಉಪಯುಕ್ತ. ಡೀಸೆಲ್ ಪಿಕಪ್ಪುಗಳಿಗೆ ಸಾಮಾನ್ಯವಾಗಿ 60ರಿಂದ 80 ಆಂಪಿಯರ್ ಅವರ್ ನಡುವಿನದು ಬರುತ್ತದೆ. ನಿಮ್ಮ ಗಾಡಿಯದು ಎಷ್ಟೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕ ಕಪಾಟಿನಲ್ಲಿ ಎಲ್ಲೋ ಇರಬೇಕು, ಹುಡುಕಿ. ಬರೆದುದಕ್ಕಿಂತ ಚಿಕ್ಕದು ಬೇಡವೇ ಬೇಡ. ತಟ್ಟೆಯಲ್ಲಿ ಕೂರುವುದಾದರೆ ಒಂದು ಮೆಟ್ಟಿಲು ದೊಡ್ಡದು ಹಾಕಿದರೆ ತೊಂದರೆಯಿಲ್ಲ. ‘ದೊಡ್ಡ ಬ್ಯಾಟರಿ ಹಾಕಿದರೆ ಸೆಲ್ಫ್ ಸುಡುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ, ಸೆಲ್ಫ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕೆಲವು ಹೊಸ ಗಾಡಿಗಳು ನಿಂತಲ್ಲಿ ತಾವೇ ಎಂಜಿನ್ ಆರಿಸಿ, ಕ್ಲಚ್ ಒತ್ತಿದರೆ ತಾವೇ ಹತ್ತಿಸಿಕೊಳ್ಳುತ್ತವೆ. ಅಂಥವಕ್ಕೆ ಇ.ಎಫ್.ಬಿ. ಅಥವಾ ಎ.ಜಿ.ಎಂ. ಎಂಬ ಬಲವಾದ ಜಾತಿಯದೇ ಬೇಕು. ಸಾಮಾನ್ಯದ್ದು ಹಾಕಿದರೆ ಹೆಚ್ಚು ದಿನ ಬಾಳದು.

ಪ್ಲಸ್ ಕಂಬ ಎಡಕ್ಕೋ ಬಲಕ್ಕೋ ಎಂಬುದನ್ನೂ ನೋಡಬೇಕು. ಒಂದೇ ಅಳತೆಯ ಬ್ಯಾಟರಿ ಎರಡೂ ತರದಲ್ಲಿ ಸಿಗುತ್ತದೆ. ಉಲ್ಟಾ ತಂದರೆ ವಯರು ನಿಲುಕುವುದಿಲ್ಲ. ಎಳೆದು ಕೂರಿಸುವ ಗಡಿಬಿಡಿಯಲ್ಲಿ ಪ್ಲಸ್ಸಿಗೆ ಮೈನಸ್ ತಾಗಿತೆಂದರೆ ಕ್ಷಣಮಾತ್ರದಲ್ಲಿ ಫ್ಯೂಜು, ಡೈನಮೋದ ಡಯೋಡು, ಅದೃಷ್ಟ ಕೆಟ್ಟರೆ ಕಂಪ್ಯೂಟರ್ ಪೆಟ್ಟಿಗೆ ಎಲ್ಲ ಹೋಗುವುದು. ಹಳೆಯದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗುವುದು ಸುಲಭದ ಉಪಾಯ.

ತಯಾರಾದ ತಿಂಗಳು ಬ್ಯಾಟರಿಯ ಮೈಮೇಲೆ ಗುಟ್ಟಿನ ಅಕ್ಷರದಲ್ಲಿ ಒತ್ತಿರುತ್ತದೆ. ಕಂಪನಿಗೊಂದು ತರ. ಓದಲು ಬಾರದಿದ್ದರೆ ಅಂಗಡಿಯವರನ್ನೇ ಓದಿ ಹೇಳೆನ್ನಿ, ನಾಚಿಕೆ ಬೇಡ. ಬ್ಯಾಟರಿ ಕೂತಲ್ಲೇ ಇಳಿಯುವ ವಸ್ತು. ಮೂರು ತಿಂಗಳಿಗಿಂತ ಹಳೆಯದಾದರೆ ಬೇರೆ ಕೇಳಿ. ಹೊಸದಕ್ಕೂ ಅಲ್ಲೇ ಮೀಟರು ಹಿಡಿಸಿ, 12.5ಕ್ಕಿಂತ ಕಡಿಮೆ ತೋರಿಸಿದರೆ ಒಪ್ಪಬೇಡಿ.

ಗ್ಯಾರಂಟಿಯ ಮಾತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 48 ತಿಂಗಳು ಎಂದು ಬರೆದದ್ದನ್ನು ಕಂಡು ನಾಲ್ಕು ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತೇವೆ. ಒಳಗಿನ ಸಣ್ಣ ಅಕ್ಷರದಲ್ಲಿ ಅದು 24 ಕೂಡಿಸು 24 ಎಂದಿರುತ್ತದೆ. ಮೊದಲ 24 ತಿಂಗಳೊಳಗೆ ಕೆಟ್ಟರೆ ಬದಲಿ ಕೊಡುತ್ತಾರೆ; ಉಳಿದ 24ರಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟು ಪಾಲು ರಿಯಾಯಿತಿ, ಅಷ್ಟೇ. ಸರಕು ಸಾಗಿಸುವ ಹಳದಿ ಬೋರ್ಡಿನ ಗಾಡಿಗೆ ಅವಧಿ ಇನ್ನೂ ಕಡಿಮೆಯಿರಬಹುದು. ಆದ್ದರಿಂದ ಎರಡು ಬ್ಯಾಟರಿಗಳ ಬೆಲೆ ಹೋಲಿಸುವಾಗ ಮೊದಲ ಅಂಕಿಯನ್ನೇ ಹಿಡಿದು ಹೋಲಿಸಬೇಕು. ಜಿ.ಎಸ್.ಟಿ. ಬಿಲ್ಲು, ಬ್ಯಾಟರಿಯ ನಂಬರು, ಗಾಡಿಯ ನಂಬರು, ತಾರೀಖು, ಅಂಗಡಿಯ ಶಿಕ್ಕೆ ಇಷ್ಟೂ ಕಾರ್ಡಿನ ಮೇಲೆ ಬೀಳುವವರೆಗೆ ಅಂಗಡಿಯ ಮೆಟ್ಟಿಲು ಇಳಿಯಬಾರದು. ಈಗ ಕೆಲವು ಕಂಪನಿಗಳು ಫೋನಿನಲ್ಲೇ ನೋಂದಣಿ ಮಾಡಿಕೊಳ್ಳುತ್ತವೆ; ಅದನ್ನು ಅಂಗಡಿಯಲ್ಲಿರುವಾಗಲೇ ಮಾಡಿಸಿಬಿಡುವುದು ಲೇಸು, ಮನೆಗೆ ಬಂದ ಮೇಲೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದೀತು. ಹಳೆಯದನ್ನು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು ಎಂದು ಎರಡೂ ಬೆಲೆ ಕೇಳಿ. ಹಳೆಯದರ ಸೀಸಕ್ಕೆ ಬೆಲೆಯಿದೆ, ಅದನ್ನು ಪುಕ್ಕಟೆ ಬಿಟ್ಟು ಬರಬಾರದು.

ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಸಿಗುವ, ಹಳೆಯ ಡಬ್ಬಿಗೆ ಹೊಸ ಬಣ್ಣ ಬಳಿದ ಬ್ಯಾಟರಿಯ ವಿಷಯ ಹೆಚ್ಚು ಬರೆಯುವುದಿಲ್ಲ. ತೆಗೆದುಕೊಂಡವರಿಗೆ ಗೊತ್ತು.

ಇನ್ನೊಂದು ಪದ್ಧತಿ ಮಾತ್ರ ಬಿಡಿಸಿ ಹೇಳಬೇಕಾದದ್ದು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನು ಗಾಡಿಗೆ ಹಾಕುವುದು. ಗಾಡಿಯ ಬ್ಯಾಟರಿಯನ್ನು ಬಿಚ್ಚಿ ಮನೆಯ ದೀಪಕ್ಕೋ, ಆನೆ ಹಂದಿಗಳ ಕಾಟಕ್ಕೆ ಹಾಕಿದ ಬೇಲಿಯ ಯಂತ್ರಕ್ಕೋ ಜೋಡಿಸುವುದು. ನೋಡಲು ಎರಡೂ ಹನ್ನೆರಡು ವೋಲ್ಟೇ. ಒಳಗಿನ ರಚನೆ ಬೇರೆ. ಗಾಡಿಯದರಲ್ಲಿ ತೆಳ್ಳಗಿನ ಹಲವು ಪ್ಲೇಟುಗಳಿವೆ, ಕೆಲವೇ ಸೆಕೆಂಡು ಭಾರಿ ಕರೆಂಟು ಕೊಟ್ಟು ಕೂಡಲೇ ತುಂಬಿಕೊಳ್ಳಲು. ಇನ್ವರ್ಟರಿನದು ದಪ್ಪ ಪ್ಲೇಟು, ಸಣ್ಣ ಕರೆಂಟನ್ನು ಗಂಟೆಗಟ್ಟಲೆ ಕೊಡಲು. ಓಟದ ಕುದುರೆಯನ್ನು ನೇಗಿಲಿಗೂ ಉಳುವ ಕೋಣವನ್ನು ಪಂದ್ಯಕ್ಕೂ ಕಟ್ಟಿದಂತೆ. ಕಾಳಿಯ ನೀರಿನಿಂದ ನಾಗಝರಿಯಲ್ಲಿ ಹುಟ್ಟಿದ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ಆ ಕಂಬಿಗಳ ಕೆಳಗಿನ ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ದೀಪವಿಲ್ಲದೆ ಗಾಡಿಯ ಬ್ಯಾಟರಿ ಬಿಚ್ಚಬೇಕಾಗಿ ಬರುತ್ತದೆಂಬುದು ನಿಜ, ಅದರ ದುಃಖ ನಮಗೂ ಇದೆ. ಆದರೂ ನಾಲ್ಕಾರು ಬಾರಿ ಪೂರ್ತಿ ಬರಿದಾದ ಗಾಡಿ ಬ್ಯಾಟರಿ ಮತ್ತೆ ಮೊದಲಿನಂತಾಗುವುದಿಲ್ಲ. ಬೇಲಿಗೆ ಬೇಲಿಯದೇ ಬ್ಯಾಟರಿ ಇರಲಿ.

ಕೂರಿಸುವ ಕ್ರಮಕ್ಕೆ ಬರೋಣ. ಹುಡುಗನ ಕೈಗೆ ಬಿಟ್ಟರೂ ಪಕ್ಕದಲ್ಲಿ ನಿಂತು ನೋಡಬೇಕು. ಕೀಲಿ ತೆಗೆದು ಐದು ಹತ್ತು ನಿಮಿಷ ಬಿಡಿ. ಹೊಸ ಗಾಡಿಗಳಲ್ಲಿ ಒಳಗಿನ ಪೆಟ್ಟಿಗೆಗಳು ಮಲಗಲು ಅಷ್ಟು ಹೊತ್ತು ಬೇಕು. ಕೈಯ ಉಂಗುರ, ಗಡಿಯಾರ ತೆಗೆದಿಡಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಕಟ್ಟುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಇದು ಶಾಸ್ತ್ರವಲ್ಲ, ಕಾರಣವಿದೆ. ಗಾಡಿಯ ಮೈಯೆಲ್ಲ ಮೈನಸ್ಸಿಗೆ ಸೇರಿದೆ. ಮೈನಸ್ ಕಟ್ಟಿರುವಾಗಲೇ ಪ್ಲಸ್ಸಿನ ನಟ್ಟಿಗೆ ಪಾನಾ ಹಾಕಿ, ಪಾನಾದ ಬಾಲ ಬಾನೆಟ್ಟಿಗೋ ಚಾಸಿಗೋ ತಾಗಿತೆಂದರೆ ವೆಲ್ಡಿಂಗಿನಂತೆ ಕಿಡಿ ಹಾರುವುದು, ಪಾನಾ ಕೆಂಪಗಾಗುವುದು. ಬ್ಯಾಟರಿಯ ಮೇಲೆ ಜಲಜನಕದ ಅನಿಲ ನಿಂತಿದ್ದರೆ ಡಬ್ಬಿಯೇ ಸಿಡಿದು ಆಸಿಡ್ ಮುಖಕ್ಕೆ ಹಾರುವುದು. ಬೀಡಿ ಸೇದುತ್ತ ಬ್ಯಾಟರಿಗೆ ಬಗ್ಗುವವರು ಇದನ್ನು ನೆನಪಿಡಬೇಕು. ಆಸಿಡ್ ಕಣ್ಣಿಗೆ ಬಿದ್ದರೆ ಕಾಲು ಗಂಟೆಯಾದರೂ ಧಾರಾಳ ನೀರಿನಿಂದ ತೊಳೆಯುತ್ತ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ವಯರಿನ ಹಿಡಿಕೆಗಳ ಮೇಲಿನ ಬಿಳಿ ಹಸಿರು ಹೂವನ್ನು ಅಡುಗೆ ಸೋಡಾ ಕರಡಿದ ನೀರಿನಿಂದ ತೊಳೆದು, ಒರೆಸಿ, ಒಳಭಾಗ ಹೊಳೆಯುವಷ್ಟು ಉಜ್ಜಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಜೋಪಾನ. ಪ್ಲಸ್ ಕಂಬ ಮೈನಸ್ಸಿಗಿಂತ ಸ್ವಲ್ಪ ದಪ್ಪ. ಹಿಡಿಕೆ ಸುಲಭಕ್ಕೆ ಕೂರದಿದ್ದರೆ ಸುತ್ತಿಗೆಯಿಂದ ಹೊಡೆಯಬಾರದು, ಬಾಯಿ ಅಗಲಿಸಬೇಕು. ಹೊಡೆದರೆ ಕಂಬದ ಬುಡ ಒಳಗೇ ಬಿರಿಯುತ್ತದೆ, ಅದು ಹೊರಗೆ ಕಾಣುವುದಿಲ್ಲ. ಬಿಗಿದ ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿ.

ಇದಕ್ಕಿಂತ ಮುಖ್ಯವಾದ, ನಮ್ಮಲ್ಲಿ ಎಲ್ಲರೂ ಅಲಕ್ಷಿಸುವ ಸಂಗತಿ ಬ್ಯಾಟರಿಯನ್ನು ತಟ್ಟೆಗೆ ಬಿಗಿಯುವ ಕ್ಲ್ಯಾಂಪು. ಎಷ್ಟು ಪಿಕಪ್ಪುಗಳಲ್ಲಿ ಕಂಪನಿಯ ಕ್ಲ್ಯಾಂಪು ಉಳಿದಿದೆ? ನಾವು ಕಂಡದ್ದು ಸೈಕಲ್ ಟ್ಯೂಬು, ನೈಲಾನ್ ಹಗ್ಗ, ಒಂದು ಕಡೆಯಂತೂ ಬೇಲಿ ತಂತಿ. ಬ್ಯಾಟರಿಯೊಳಗಿನ ಸೀಸದ ಜಾಲರಿಗೆ ಮೆತ್ತಿದ ಮಸಾಲೆ ಕುಲುಕಾಟಕ್ಕೆ ಉದುರಿ ತಳದಲ್ಲಿ ಕೂಡುತ್ತದೆ. ಕೂಡುತ್ತ ಕೂಡುತ್ತ ಎರಡು ಪ್ಲೇಟುಗಳನ್ನು ಮುಟ್ಟಿದ ದಿನ ಆ ಕೋಣೆ ಸತ್ತಂತೆ. ತೋಟದಿಂದ ಡಾಂಬರು ರಸ್ತೆಗೆ ಬರುವ ನಮ್ಮ ದಾರಿಗಳು ಎಂಥವೆಂದು ಹೇಳಬೇಕೇ! ಹಳ್ಳ, ಕಲ್ಲು, ಬೇರು. ಧಾರವಾಡದ ಗಾಡಿಯಲ್ಲಿ ನಾಲ್ಕು ವರ್ಷ ಬಾಳುವ ಬ್ಯಾಟರಿ ನಮ್ಮಲ್ಲಿ ಎರಡಕ್ಕೆ ಮುಗಿದರೆ ಅರ್ಧ ದೂರು ಕಂಪನಿಯದಲ್ಲ, ಆ ಹಗ್ಗದ್ದು. ಕ್ಲ್ಯಾಂಪು ದೊಡ್ಡ ಬೆಲೆಯದಲ್ಲ. ಸಿಗದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಮಾಡಿಸಬಹುದು. ಹೇಗೂ ವೆಲ್ಡಿಂಗಿನ ಮಾತು ಬಂತು: ಹಿಂದಿನ ಡಬ್ಬಿಯ ಪಕ್ಕ ಎತ್ತರಿಸಲು ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ವಯರು ಬಿಚ್ಚಿಸದೆ ಕೆಲಸಕ್ಕೆ ಬಿಡಬೇಡಿ.

ಮಳೆಗಾಲ ನಮ್ಮ ಕಡೆಯ ದೊಡ್ಡ ಶತ್ರು. ಹಳಿಯಾಳ, ಮುಂಡಗೋಡದ ಬಯಲಿನವರ ತೊಂದರೆ ಬೇರೆ. ಅಲ್ಲಿ ಚೈತ್ರ ವೈಶಾಖದ ಬಿಸಿಲಿಗೆ ನೀರು ಆರುತ್ತದೆ, ಪ್ಲೇಟು ಬೇಗ ಸವೆಯುತ್ತದೆ. ಬಿಸಿಲಿನಲ್ಲಿ ಪೆಟ್ಟು ತಿಂದದ್ದು ಮಾರ್ಗಶಿರದ ಚಳಿಯಲ್ಲಿ ಸಾಯುವುದರಿಂದ ನಾವು ಚಳಿಯನ್ನು ಬೈಯುತ್ತೇವೆ. ಅಲ್ಲಿಯವರು ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬಾವಿ ನೀರು ಬೇಡ, ಆಸಿಡ್ಡಂತೂ ಬೇಡವೇ ಬೇಡ. ಜೋಯಿಡಾದ ನಮಗೆ ಬಾಧಿಸುವುದು ನಿಂತ ಗಾಡಿ. ಜ್ಯೇಷ್ಠದ ಕೊನೆಗೆ ದಾರಿ ಕೆಸರಾಗಿ ಗಾಡಿ ಕೊಟ್ಟಿಗೆ ಸೇರಿದರೆ ಶ್ರಾವಣದವರೆಗೆ ಹೊರಬರುವುದಿಲ್ಲ. ಕೀಲಿ ತೆಗೆದರೂ ಗಾಡಿಯ ಪೆಟ್ಟಿಗೆಗಳು, ಗಡಿಯಾರ ಒಂದಿಷ್ಟು ಕುಡಿಯುತ್ತಲೇ ಇರುತ್ತವೆ. 30 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳಿ, ಇದು ದೋಷವಲ್ಲ, ಸಹಜ. ದಿನಕ್ಕೆ 0.72 ಆಂಪಿಯರ್ ಅವರ್ ಆಯಿತು. ಅರವತ್ತು ದಿನಕ್ಕೆ 43. ನಿಮ್ಮದು 65ರ ಬ್ಯಾಟರಿಯಾದರೆ ಮೂರರಲ್ಲಿ ಎರಡು ಪಾಲು ಹೋಯಿತು. ಜಿ.ಪಿ.ಎಸ್. ಪೆಟ್ಟಿಗೆ ಹಾಕಿಸಿದ್ದರೆ ಇನ್ನೂ ಹೆಚ್ಚು. ಹಾಗೆ ಬರಿದಾಗಿ ನಿಂತದ್ದರ ಪ್ಲೇಟಿನ ಮೇಲೆ ಬಿಳಿ ಹರಳು ಗಟ್ಟಿಯಾಗುತ್ತದೆ, ಅದು ಮತ್ತೆ ಕರಗದು. ನಮ್ಮ ಬ್ಯಾಟರಿ ಭಾದ್ರಪದದಲ್ಲಿ ಸತ್ತದ್ದು ಹೀಗೆ.

ದಿನಕ್ಕೈದು ನಿಮಿಷ ನಿಂತಲ್ಲೇ ಚಾಲೂ ಮಾಡಿ ಆರಿಸಿದರಾಯಿತು ಎನ್ನುವವರಿದ್ದಾರೆ. ಅದರಿಂದ ಡೀಸೆಲ್ ಖರ್ಚೇ ಹೊರತು ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಗಂಟೆ ಹೊತ್ತು ಓಡಿಸಬೇಕು. ಅದು ಆಗದಿದ್ದರೆ ಮೈನಸ್ ವಯರು ಬಿಚ್ಚಿಡಬೇಕು, ಆದರೆ ಹಿಡಿಕೆ ಸಡಿಲಿಸಲು ಪಾನಾ ಗಾಡಿಯಲ್ಲೇ ಇಟ್ಟು, ರಾತ್ರಿ ಹೊತ್ತು ಕತ್ತಲಲ್ಲೂ ಕಟ್ಟಲು ಮನೆಯ ಇನ್ನೊಬ್ಬರಿಗೆ ಕಲಿಸಿಟ್ಟು. ರೋಗಿಯನ್ನು ಜಗಲಿಯಲ್ಲಿ ಮಲಗಿಸಿಕೊಂಡು ಪಾನಾ ಹುಡುಕುವಂತಾಗಬಾರದು. ಕರೆಂಟು ನೆಚ್ಚುವಂತಿದ್ದರೆ ಸಣ್ಣ ಚಾರ್ಜರು ಇನ್ನೂ ಒಳ್ಳೆಯದು. 70ರ ಬ್ಯಾಟರಿಗೆ 7 ಆಂಪಿಯರ್, ಅಂದರೆ ಹತ್ತರಲ್ಲಿ ಒಂದು ಪಾಲು, ಇದಕ್ಕಿಂತ ಜೋರಾಗಿ ತುಂಬುವ ಅವಸರ ಬೇಡ.

ಈಗ ಸೊಸೈಟಿಯ ಕೆಲಸ. ಮೀಟರು, ಹೈಡ್ರೋಮೀಟರ್, ಒಂದು ನಿಧಾನದ ಚಾರ್ಜರು, ಇವನ್ನು ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ಇಡಬೇಕೆಂದು ನಾವು ಸೂಚಿಸುತ್ತೇವೆ. ಕೊಯ್ಲಿಗೆ ಮೊದಲು, ಆಶ್ವೀಜದಲ್ಲಿ, ಸದಸ್ಯರ ಗಾಡಿಗಳನ್ನು ಒಂದು ದಿನ ಕರೆದು ಪರೀಕ್ಷಿಸಬೇಕು. ಯಾರ್ಯಾರಿಗೆ ಬ್ಯಾಟರಿ ಬೇಕೋ ಪಟ್ಟಿ ಮಾಡಿ, ಒಟ್ಟಿಗೆ ತರಿಸಿದರೆ ಬೆಲೆಯೂ ಇಳಿಯುವುದು, ಹೊಸ ತಾರೀಖಿನದೇ ಬೇಕೆಂದು ಕೇಳುವ ಬಲವೂ ಬರುವುದು. ಒಬ್ಬೊಬ್ಬರೇ ಹೋದಾಗ ಹಲಗೆಯ ಮೇಲಿನ ಹಳೆಯದನ್ನು ಕೊಡುವವರು ಇಪ್ಪತ್ತು ಬ್ಯಾಟರಿಯ ಗಿರಾಕಿಗೆ ಹಾಗೆ ಮಾಡಲಾರರು. ಕಾರ್ಡು, ಬಿಲ್ಲುಗಳ ಒಂದು ಪ್ರತಿಯನ್ನು ಸೊಸೈಟಿಯ ರಿಜಿಸ್ಟರಿನಲ್ಲಿ ಅಂಟಿಸಿಟ್ಟರೆ ಇಲಿ ತಿಂದಿತೆಂಬ ಭಯವಿಲ್ಲ.

ಇದನ್ನು ಹೇಳಿದಾಗ ಹಿರಿಯ ಸದಸ್ಯರೊಬ್ಬರು, ‘ತಮಾ, ಸೊಸೈಟಿ ಇರೋದು ಅಡಿಕೆಗೆ, ಕಾಫಿಗೆ. ನಾಳೆ ಟಾಯರೂ ಮಾರು ಅಂಬೆ’ ಎಂದರು. ಅವರ ಆತಂಕ ಸುಳ್ಳಲ್ಲ. ಕೈತುಂಬ ಬಗೆಬಗೆಯ ವ್ಯವಹಾರ ಹಿಡಿದು ಮುಗ್ಗರಿಸಿದ ಸಂಘಗಳು ಇಲ್ಲದಿಲ್ಲ. ನಾವು ಕೇಳುತ್ತಿರುವುದು ಬ್ಯಾಟರಿ ಅಂಗಡಿಯನ್ನಲ್ಲ, ವರ್ಷಕ್ಕೊಮ್ಮೆ ಒಂದು ಪಟ್ಟಿ, ಒಂದು ಮೀಟರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು ಅಡಿಕೆ ಮಾರಿಕೊಡಲಿಕ್ಕೇ. ತೋಟಿಗನ ಮನೆಗೆ ಏನು ಬೇಕೆಂದು ನೋಡುತ್ತ ಅದು ಕಿರಾಣಿ ಮಳಿಗೆಯನ್ನೂ ನಡೆಸುವಂತಾಯಿತು. ಅಡಿಕೆ ಟೆಂಡರಿಗೆ ತಲುಪಬೇಕಾದರೆ ಗಾಡಿ ಹೊರಡಬೇಕಲ್ಲ.

ಹಳೆಯ ಬ್ಯಾಟರಿಗಳ ವಿಷಯ ಉಳಿಯಿತು. ಅವನ್ನು ಅಂಗಡಿಯವರು ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. 2022ರ ಹೊಸ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಮ್ಮಲ್ಲಿ ಮಾತ್ರ ಇನ್ನೂ ಆಸಿಡ್ಡನ್ನು ತೋಟದ ಕಾಲುವೆಗೆ ಚೆಲ್ಲಿ, ಸೀಸವನ್ನು ಅಂಗಳದ ಒಲೆಯಲ್ಲಿ ಕರಗಿಸಿ ಬಲೆಗೆ ಗುಂಡು ಎರೆಯುವವರಿದ್ದಾರೆ. ಆ ಹೊಗೆಯಲ್ಲೂ ಬೂದಿಯಲ್ಲೂ ಇರುವ ಸೀಸ ದೊಡ್ಡವರಿಗಿಂತ ಮಕ್ಕಳ ಮೈಯಲ್ಲಿ ಬೇಗ ಸೇರಿ ಬುದ್ಧಿ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಸೊಸೈಟಿ ಒಟ್ಟಿಗೆ ಹೊಸದು ತರಿಸುವ ದಿನವೇ ಹಳೆಯವನ್ನೂ ಒಟ್ಟುಮಾಡಿ ಅದೇ ಲಾರಿಯಲ್ಲಿ ಕಳಿಸಿ, ಬಂದ ಹಣವನ್ನು ಅವರವರ ಖಾತೆಗೆ ಜಮಾ ಮಾಡಬಹುದು.

ಈ ಸೂಚನೆಯನ್ನು ಬರೆದು ಆಡಳಿತ ಮಂಡಳಿಗೆ ಕೊಟ್ಟಿದ್ದೇವೆ. ಬರುವ ವಾರ್ಷಿಕ ಸಭೆಯಲ್ಲೂ ಎತ್ತುತ್ತೇವೆ. ಅಷ್ಟರೊಳಗೆ ಗಾಡಿಯುಳ್ಳ ಸದಸ್ಯರು ತಮ್ಮ ಬ್ಯಾಟರಿಯ ಅಳತೆ, ಹಾಕಿಸಿದ ತಿಂಗಳು, ಹಿಂದಿನದು ಎಷ್ಟು ಕಾಲ ಬಾಳಿತು ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೋದಾಮಿನ ಗುಮಾಸ್ತರಲ್ಲಿ ಕೊಟ್ಟರೆ ಪಟ್ಟಿ ಮಾಡಲು ಅನುಕೂಲ. ನಮ್ಮದನ್ನು ಆಗಲೇ ಕೊಟ್ಟಿದ್ದೇವೆ: ಮೊದಲನೆಯದು ಎಷ್ಟು ಬಾಳುತ್ತಿತ್ತೋ ತಿಳಿಯದು, ಎರಡನೆಯದು ಒಂಬತ್ತು ತಿಂಗಳು, ಮೂರನೆಯದು ಮೂರನೆಯ ಮಳೆಗಾಲ ದಾಟಿದೆ.